ಬಿಡುಗಡೆಯ ನಂತರದ ಮೊದಲ ಮಳೆಗಾಲ: ಓದುಗರ ಪ್ರಶ್ನೆ, ನಮ್ಮ ಉತ್ತರ

ಸೆರೆಮನೆಯಿಂದ ಹೊರಬಂದವರು ಮತ್ತೆ ಊರಿನಲ್ಲಿ ನೆಲೆಗೊಳ್ಳುವ ವಿಷಯದಲ್ಲಿ ಕೊಡಗಿನ ಓದುಗರಿಂದ ಬಂದ ಪತ್ರಗಳಲ್ಲಿ ಕೆಲವನ್ನು ಸಂಕ್ಷೇಪಿಸಿ, ಬರೆದವರ ಗುರುತು ಸಿಗದಂತೆ ಇಲ್ಲಿ ಕೊಟ್ಟಿದ್ದೇವೆ. ಪ್ರೊಬೇಷನ್ ಅಧಿಕಾರಿಯಾಗಿ ಕೆಲಸ ಮಾಡಿ ನಿವೃತ್ತರಾದ ನಮ್ಮ ಅಂಕಣಕಾರರು ಉತ್ತರಿಸಿದ್ದಾರೆ.

ಪ್ರಶ್ನೆ: ಕುಡಿದ ಅಮಲಿನಲ್ಲಿ ನಡೆದ ಹೊಡೆದಾಟದ ಪ್ರಕರಣದಲ್ಲಿ ಶಿಕ್ಷೆಯಾಗಿ ಮೈಸೂರು ಕೇಂದ್ರ ಕಾರಾಗೃಹದಲ್ಲಿರುವ ನನ್ನ ತಮ್ಮ ಬರುವ ಜೂನ್ ತಿಂಗಳಲ್ಲಿ ಬಿಡುಗಡೆಯಾಗಲಿದ್ದಾನೆ. ಅವನಿಗೆ ಈಗ ಮೂವತ್ತೊಂದು ವರ್ಷ. "ಒಮ್ಮೆ ಒಳಗೆ ಹೋಗಿ ಬಂದವನು ಮತ್ತೆ ಹೋಗಿಯೇ ಹೋಗುತ್ತಾನೆ, ಅವನಿಗಾಗಿ ನೀವು ಸುಮ್ಮನೆ ದುಡ್ಡು ಕಳೆದುಕೊಳ್ಳಬೇಡಿ" ಎಂದು ನಮ್ಮ ನೆಂಟರೇ ಹೇಳುತ್ತಿದ್ದಾರೆ. ಇದು ನಿಜವೇ? ಅವನು ಬರುವ ಮೊದಲು ನಾವು ಮಾಡಿಟ್ಟುಕೊಳ್ಳಬೇಕಾದ ಕೆಲಸಗಳೇನಾದರೂ ಇವೆಯೇ?
– ಒಬ್ಬ ಅಕ್ಕ, ಸೋಮವಾರಪೇಟೆ ತಾಲ್ಲೂಕು

ಉತ್ತರ: ನಿಮ್ಮ ನೆಂಟರ ಮಾತಿಗೆ ಆಧಾರವೇ ಇಲ್ಲವೆಂದು ನಾನು ಹೇಳಲಾರೆ. ಅಮೆರಿಕದ 30 ರಾಜ್ಯಗಳ ಸೆರೆಮನೆಗಳಿಂದ 2005ರಲ್ಲಿ ಬಿಡುಗಡೆಯಾದವರ ಜಾಡನ್ನು ಅಲ್ಲಿನ ನ್ಯಾಯ ಇಲಾಖೆ ಹಿಡಿದು ನೋಡಿದಾಗ, ನೂರರಲ್ಲಿ ಸುಮಾರು 68 ಮಂದಿ ಮೂರು ವರ್ಷದೊಳಗೆ, 77 ಮಂದಿ ಐದು ವರ್ಷದೊಳಗೆ ಮತ್ತೆ ಬಂಧನಕ್ಕೆ ಒಳಗಾಗಿದ್ದುದು ಕಂಡುಬಂದಿತು. ಆದರೆ ಈ ಅಂಕಿಯನ್ನು ಓದುವಾಗ ಎರಡು ಸಂಗತಿಗಳನ್ನು ಮರೆಯಬಾರದು. ಅದು ಬಂಧನದ ಲೆಕ್ಕವೇ ಹೊರತು ಅಪರಾಧ ಸಾಬೀತಾದವರ ಲೆಕ್ಕವಲ್ಲ. ಹಾಗೆಯೇ ಅದು ಒಂದು ದೇಶದ ಲೆಕ್ಕ. ನಾರ್ವೆಯಲ್ಲಿ ಬಿಡುಗಡೆಯಾದ ಎರಡು ವರ್ಷದೊಳಗೆ ಮತ್ತೆ ಶಿಕ್ಷೆಗೆ ಗುರಿಯಾಗುವವರು ಸುಮಾರು ಐವರಲ್ಲಿ ಒಬ್ಬರು ಮಾತ್ರ. ಎಣಿಸುವ ಕ್ರಮ ಬೇರೆಯಾದ್ದರಿಂದ ಎರಡನ್ನೂ ಅಕ್ಕಪಕ್ಕ ಇಟ್ಟು ತೂಗಲಾಗದು. ಆದರೂ ಅಂತರ ಇಷ್ಟು ದೊಡ್ಡದಿರುವಾಗ, ಎಲ್ಲವನ್ನೂ ಮನುಷ್ಯನ ಹುಟ್ಟುಗುಣದ ತಲೆಗೆ ಕಟ್ಟುವುದು ಸರಿಯಲ್ಲ.

ಅದೇ ಅಮೆರಿಕದ ಲೆಕ್ಕದಲ್ಲಿ ನಿಮ್ಮ ತಮ್ಮನಿಗೆ ಸಂಬಂಧಿಸಿದ ಅಂಶಗಳೂ ಇವೆ. ಐದು ವರ್ಷದೊಳಗೆ ಮತ್ತೆ ಬಂಧಿತರಾದವರು ಕಳವಿನಂಥ ಆಸ್ತಿ ಅಪರಾಧದವರಲ್ಲಿ ನೂರಕ್ಕೆ 82 ಇದ್ದರೆ, ಹಲ್ಲೆಯಂಥ ಹಿಂಸೆಯ ಪ್ರಕರಣದವರಲ್ಲಿ 71 ಇದ್ದರು. ವಯಸ್ಸು ಏರಿದಂತೆ ಈ ಪ್ರಮಾಣ ಇಳಿಯುತ್ತದೆ. ಬಾಸ್ಟನ್ ನಗರದಲ್ಲಿ 1940ರ ಸುಮಾರಿಗೆ ಶೆಲ್ಡನ್ ಮತ್ತು ಎಲಿನಾರ್ ಗ್ಲುಯೆಕ್ ಎಂಬ ದಂಪತಿ ಸುಧಾರಣಾ ಶಾಲೆಗಳಲ್ಲಿದ್ದ 500 ಹುಡುಗರ ವಿವರಗಳನ್ನು ಸಂಗ್ರಹಿಸಲು ತೊಡಗಿದ್ದರು. ದಶಕಗಳ ನಂತರ ರಾಬರ್ಟ್ ಸ್ಯಾಂಪ್ಸನ್ ಮತ್ತು ಜಾನ್ ಲಾಬ್ ಆ ಕಡತಗಳನ್ನು ಮತ್ತೆ ತೆರೆದು, ಅವರಲ್ಲಿ ಕೆಲವರನ್ನು ಎಪ್ಪತ್ತರ ವಯಸ್ಸಿನ ಹತ್ತಿರ ಹುಡುಕಿ ಮಾತನಾಡಿಸಿದರು. ಅಪರಾಧದ ದಾರಿ ಬಿಟ್ಟವರ ಬದುಕಿನಲ್ಲಿ ಮತ್ತೆ ಮತ್ತೆ ಕಾಣಿಸಿದ್ದು ನೆಲೆಯಾದ ಕೆಲಸ, ಬಾಳಿಕೆಯ ದಾಂಪತ್ಯ, ಸೈನ್ಯದ ಸೇವೆ ಹಾಗೂ ಹಳೆಯ ಸಂಗಾತಿಗಳಿಂದ ದೂರವಾದ ವಾಸ. ಇವುಗಳಲ್ಲಿ ಉಪದೇಶಕ್ಕೆ ಜಾಗವಿಲ್ಲವೆಂಬುದನ್ನು ಗಮನಿಸಿ. ಬೆಳಿಗ್ಗೆ ಎಂಟಕ್ಕೆ ಯಾರೋ ಹಾಜರಿ ಹಿಡಿಯಲು ಕಾಯುತ್ತಿರುತ್ತಾರೆ, ಸಂಜೆ ಯಾರೋ ಊಟಕ್ಕೆ ಕಾಯುತ್ತಿರುತ್ತಾರೆ ಎಂಬ ಕಟ್ಟುಪಾಡು ದಿನವನ್ನು ತುಂಬುತ್ತದೆ.

ಈಗ ನಿಮ್ಮ ಎರಡನೆಯ ಪ್ರಶ್ನೆಗೆ ಬರುತ್ತೇನೆ. ನನ್ನನ್ನು ಯೋಚನೆಗೆ ಹಚ್ಚಿದ್ದು ಅವನು ಬರುವ ತಿಂಗಳು. ಡಿಸೆಂಬರಿನಿಂದ ಮಾರ್ಚ್‌ವರೆಗೆ, ಅರೇಬಿಕಾ ಮುಗಿದು ರೋಬಸ್ಟಾ ಕುಯ್ಲು ನಡೆಯುವ ದಿನಗಳಲ್ಲಿ, ಕೊಡಗಿನ ತೋಟಗಳಿಗೆ ಎಷ್ಟು ಆಳು ಬಂದರೂ ಸಾಲದು. ಆಗ ಹಳೆಯ ಚರಿತ್ರೆಯನ್ನು ಕೆದಕುವ ವ್ಯವಧಾನ ಯಾರಿಗೂ ಇರುವುದಿಲ್ಲ. ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಮಳೆ ಹಿಡಿದುಕೊಂಡರೆ ಕಾಯಂ ಆಳುಗಳಿಗೇ ಕೆಲಸ ಕಡಿಮೆ, ಬಿಡಿ ಆಳುಗಳನ್ನಂತೂ ಕೇಳುವವರಿಲ್ಲ. ಕೈಯಲ್ಲಿ ಕಾಸಿಲ್ಲದೆ, ಮನೆಯಿಂದ ಹೊರಗೆ ಕಾಲಿಡಲು ಕಾರಣವಿಲ್ಲದೆ, ಪೇಟೆಯ ವೈನ್ ಶಾಪಿನ ಎದುರು ಹಳೆಯ ಗೆಳೆಯರೇ ಮೊದಲು ಮಾತನಾಡಿಸುವ ಎರಡು ಮೂರು ತಿಂಗಳು ನಿಮ್ಮ ಮುಂದಿವೆ. ಆದ್ದರಿಂದ ಮಳೆಯಲ್ಲೂ ನಿಲ್ಲದ ಕೆಲಸವನ್ನು, ಅದು ಗ್ಯಾರೇಜು, ಹಂದಿ ಸಾಕಣೆ, ಬೇಕರಿ, ಹೋಂಸ್ಟೇ ಅಡುಗೆಮನೆ, ಮರದ ಡಿಪೋ ಯಾವುದಾದರೂ ಆಗಲಿ, ಅರ್ಧ ಸಂಬಳಕ್ಕಾದರೂ ಸರಿ, ಅವನು ಬರುವ ಮೊದಲೇ ಮಾತನಾಡಿಟ್ಟುಕೊಳ್ಳಿ. ಒಳಗೆ ದುಡಿದಿದ್ದರೆ ಅವನ ಲೆಕ್ಕದಲ್ಲಿ ಕೂಲಿ ಜಮೆಯಾಗಿರುತ್ತದೆ. ಬಿಡುಗಡೆಯ ದಿನ ಅದರ ಲೆಕ್ಕವನ್ನೂ ಪ್ರವೇಶದ ದಿನ ತೆಗೆದಿಟ್ಟುಕೊಂಡ ಸಾಮಾನನ್ನೂ ಬಿಡುಗಡೆ ಪತ್ರವನ್ನೂ ಕೇಳಿ ಪಡೆಯುವಂತೆ ಮುಂದಿನ ಭೇಟಿಯಲ್ಲಿಯೇ ತಿಳಿಸಿ.

ಕಾಗದಪತ್ರಗಳ ತೊಂದರೆಯನ್ನು ಹೊರಗಿನವರು ಹಗುರವಾಗಿ ಕಾಣುತ್ತಾರೆ. ವರ್ಷಗಟ್ಟಲೆ ರೀಚಾರ್ಜ್ ಆಗದ ಸಿಮ್ ರದ್ದಾಗಿ, ಆ ಸಂಖ್ಯೆ ಬೇರೆ ಯಾರದೋ ಕೈಗೆ ಹೋಗಿರುತ್ತದೆ; ಆಧಾರ್‌ಗೆ ಜೋಡಿಸಿದ್ದು ಅದೇ ಸಂಖ್ಯೆಯಾದ್ದರಿಂದ ಒಟಿಪಿ ಬರುವುದಿಲ್ಲ. ಎರಡು ವರ್ಷ ವಹಿವಾಟು ನಡೆಯದ ಬ್ಯಾಂಕ್ ಖಾತೆ ನಿಷ್ಕ್ರಿಯವಾಗಿರುತ್ತದೆ. ಅದನ್ನು ಮತ್ತೆ ತೆರೆಯಿಸಲು ಕೆವೈಸಿ ಬೇಕು, ಕೆವೈಸಿಗೆ ಆಧಾರ್ ಬೇಕು. ಪಡಿತರ ಚೀಟಿಯಲ್ಲಿ ಹೆಸರು ಉಳಿದಿದೆಯೇ ಎಂಬುದನ್ನೂ ನೋಡಿಕೊಳ್ಳಿ. ಮೊದಲ ವಾರದಲ್ಲಿ ಆಧಾರ್ ಕೇಂದ್ರಕ್ಕೆ, ಅದರ ಬೆನ್ನಿಗೇ ಬ್ಯಾಂಕಿಗೆ ಅವನ ಜೊತೆ ನೀವೇ ಹೋಗಿ. ಒಬ್ಬನೇ ಹೋದವನು ಕೌಂಟರಿನಲ್ಲಿ "ಇಷ್ಟು ವರ್ಷ ಎಲ್ಲಿದ್ದಿರಿ" ಎಂಬ ಪ್ರಶ್ನೆ ಬಂದೊಡನೆ ಹಿಂದಿರುಗಿ ಬಿಡುವುದನ್ನು ನಾನು ಕಂಡಿದ್ದೇನೆ.

ಕುಡಿತದ ವಿಷಯದಲ್ಲಿ ಒಂದು ಎಚ್ಚರಿಕೆ ಇದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಬಿಡುಗಡೆಯಾದವರ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲ ಎರಡು ವಾರ ಅವರ ಸಾವಿನ ಅಪಾಯ ಉಳಿದ ಜನರಿಗಿಂತ ಸುಮಾರು ಹನ್ನೆರಡು ಪಟ್ಟಿಗೂ ಹೆಚ್ಚಿತ್ತು. ಮುಖ್ಯ ಕಾರಣ ಮಾದಕ ವಸ್ತುಗಳ ಅತಿಸೇವನೆ. ಅಭ್ಯಾಸ ತಪ್ಪಿದ ದೇಹ ಹಳೆಯ ಪ್ರಮಾಣವನ್ನು ತಡೆಯುವುದಿಲ್ಲ. ನಮ್ಮಲ್ಲಿ ಮದ್ಯದ ವಿಷಯದಲ್ಲೂ ಈ ಭಯ ಇಟ್ಟುಕೊಳ್ಳುವುದು ಒಳ್ಳೆಯದು. ಬಂದ ಸಂತೋಷಕ್ಕೆಂದು ಮನೆಯಲ್ಲಿ ಬಾಟಲಿ ತೆರೆಯಬೇಡಿ. ಮಡಿಕೇರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಮನೋವೈದ್ಯರನ್ನು ಕಾಣಬಹುದು. ಅಷ್ಟು ದೂರ ಬರಲು ಒಪ್ಪದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ನಿಮ್ಮ ತಮ್ಮನ ಪ್ರಕರಣ ಹುಟ್ಟಿದ್ದೇ ಕುಡಿತದಿಂದಾದ್ದರಿಂದ, ಕೆಲಸ ಹುಡುಕುವಷ್ಟೇ ಶ್ರದ್ಧೆಯಿಂದ ಇದನ್ನೂ ನೋಡಿಕೊಳ್ಳಬೇಕು.

ಪ್ರಶ್ನೆ: ಕರಿಮೆಣಸು ಕದ್ದ ಪ್ರಕರಣದಲ್ಲಿ ಶಿಕ್ಷೆ ಅನುಭವಿಸಿ ಬಂದವನೊಬ್ಬ ನಮ್ಮ ತೋಟದಲ್ಲಿ ಕೆಲಸ ಕೇಳುತ್ತಿದ್ದಾನೆ. ಮರ ಕಸಿ ಮಾಡುವುದರಲ್ಲಿಯೂ (ನೆರಳು ಮರಗಳ ಕೊಂಬೆ ಸವರುವುದರಲ್ಲಿಯೂ) ಮೆಣಸು ಕುಯ್ಯುವುದರಲ್ಲಿಯೂ ಪಳಗಿದವನು. ತೋಟದ ಲೆಕ್ಕ ಬರೆಯುವ ನಮ್ಮ ರೈಟರ್ ಮಾತ್ರ ಸುತರಾಂ ಒಪ್ಪುತ್ತಿಲ್ಲ. ಅಂಥವರನ್ನು ಕೆಲಸಕ್ಕಿಟ್ಟುಕೊಂಡರೆ ಕಾನೂನಿನ ತೊಡಕೇನಾದರೂ ಇದೆಯೇ?
– ತೋಟದ ಮಾಲೀಕರು, ಸಿದ್ದಾಪುರ ಸಮೀಪ

ಉತ್ತರ: ಕಾನೂನಿನ ತೊಡಕು ಯಾವುದೂ ಇಲ್ಲ. ಕಾರ್ಮಿಕರ ಗುರುತಿನ ದಾಖಲೆಯನ್ನು ಠಾಣೆಗೆ ಕೊಡುವ ಪದ್ಧತಿ ನಿಮ್ಮಲ್ಲಿದ್ದರೆ ಎಲ್ಲರದನ್ನೂ ಕೊಡುವಾಗ ಅವನದನ್ನೂ ಕೊಡಿ. ಅವನೊಬ್ಬನದನ್ನು ಮಾತ್ರ ಪ್ರತ್ಯೇಕವಾಗಿ ಒಯ್ಯುವುದು ಬೇಡ.

ರೈಟರ್ ಅವರ ಹಿಂಜರಿಕೆ ಲೋಕದ ಎಲ್ಲ ಕಡೆಯ ಹಿಂಜರಿಕೆಯೇ ಆಗಿದೆ. ಡಿವಾ ಪೇಜರ್ ಎಂಬ ಸಮಾಜಶಾಸ್ತ್ರಜ್ಞೆ ಅಮೆರಿಕದ ಮಿಲ್ವಾಕೀ ನಗರದಲ್ಲಿ ಎಲ್ಲ ವಿಧದಲ್ಲೂ ಸಮಾನರಾದ ಯುವಕರನ್ನು ಕೆಲಸ ಕೇಳಲು ಕಳುಹಿಸಿ, ಒಬ್ಬನು ಮಾತ್ರ ಸೆರೆಮನೆಯಲ್ಲಿದ್ದುದಾಗಿ ಹೇಳುವಂತೆ ಏರ್ಪಾಡು ಮಾಡಿದ್ದರು. 2003ರಲ್ಲಿ ಪ್ರಕಟವಾದ ಅವರ ಫಲಿತಾಂಶದ ಪ್ರಕಾರ, ಬಿಳಿಯರಲ್ಲಿ ದಾಖಲೆಯಿಲ್ಲದವರನ್ನು ನೂರಕ್ಕೆ 34 ಕಡೆಯಿಂದ ಮರಳಿ ಕರೆದರೆ, ಸೆರೆವಾಸದ ದಾಖಲೆಯುಳ್ಳವರನ್ನು ಕರೆದದ್ದು 17 ಕಡೆಯಿಂದ. ಕಪ್ಪು ವರ್ಣೀಯರಲ್ಲಿ ಈ ಪ್ರಮಾಣ 14 ಮತ್ತು 5. ಜೈಲಿನ ದಾಖಲೆಯಿಲ್ಲದ ಕಪ್ಪು ಯುವಕನಿಗಿಂತ ದಾಖಲೆಯುಳ್ಳ ಬಿಳಿ ಯುವಕನಿಗೆ ಹೆಚ್ಚು ಕರೆ ಬಂದಿತ್ತೆಂಬುದು ಆ ಅಂಕಿಗಳಲ್ಲಿಯೇ ಇದೆ. ನಮ್ಮ ತೋಟಗಳಲ್ಲೂ ದೊಡ್ಡ ಮನೆತನದ ಹುಡುಗನ ಜೈಲುವಾಸವನ್ನು ಜನ ಬೇಗ ಮರೆಯುವುದನ್ನೂ ಲೈನ್‌ ಮನೆಯ (ಕೂಲಿಗಳ ಸಾಲುಮನೆಯ) ಹುಡುಗನದನ್ನು ಮರೆಯದಿರುವುದನ್ನೂ ನೀವು ನೋಡಿಯೇ ಇರುತ್ತೀರಿ.

ವ್ಯವಹಾರದ ಮಾತಿಗೆ ಬಂದರೆ, ಅವನನ್ನು ತೆಗೆದುಕೊಳ್ಳಿ ಎಂದೇ ನಾನು ಹೇಳುತ್ತೇನೆ, ಆದರೆ ಕಣ್ಣು ಮುಚ್ಚಿಕೊಂಡು ಅಲ್ಲ. ಗೋದಾಮಿನ ಬೀಗದ ಕೈಯನ್ನೂ ರಾತ್ರಿ ಕಣ ಕಾಯುವ ಕೆಲಸವನ್ನೂ ಮೊದಲ ವರ್ಷ ಕೊಡಬೇಡಿ. ಕೊಟ್ಟರೆ ಒಂದು ಚೀಲ ಹೆಚ್ಚುಕಡಿಮೆಯಾದ ದಿನ ಅವನ ನಿರಪರಾಧಿತ್ವವನ್ನು ಸಾಬೀತುಪಡಿಸಲು ಅವನಿಗೂ ಆಗದು, ನಿಮಗೂ ಆಗದು. ಕುಯ್ಲಿನ ಕೆಲಸದಲ್ಲಿ ಆ ತೊಂದರೆಯಿಲ್ಲ. ಸಂಜೆ ಎಲ್ಲರ ಎದುರಿಗೆ ತೂಕವಾಗುತ್ತದೆ, ಕೆಜಿ ಲೆಕ್ಕ ರೈಟರ್ ಪುಸ್ತಕಕ್ಕೆ ಹೋಗುತ್ತದೆ, ಅನುಮಾನಕ್ಕೆ ಎಡೆ ಇರುವುದಿಲ್ಲ. ಕೂಲಿಯನ್ನು ವಾರಕ್ಕೊಮ್ಮೆ ಪೂರ್ತಿ ಬಟವಾಡೆ ಮಾಡಿ. ದೊಡ್ಡ ಮೊತ್ತದ ಮುಂಗಡ ಕೊಟ್ಟು ಕಟ್ಟಿಹಾಕುವ ಹಳೆಯ ಚಾಳಿ ಇಂಥವರ ವಿಷಯದಲ್ಲಿ ವಿಶೇಷವಾಗಿ ಕೆಟ್ಟದ್ದು, ಏಕೆಂದರೆ ತೀರದ ಸಾಲವೇ ಮೆಣಸಿನ ಚೀಲದ ಕಡೆಗೆ ಕಣ್ಣು ಹೊರಳುವಂತೆ ಮಾಡುತ್ತದೆ. ಅವನ ಹಿಂದಿನ ಪ್ರಕರಣ ನಿಮಗೂ ರೈಟರ್‌ಗೂ ಗೊತ್ತಿದ್ದರೆ ಸಾಕು; ಮೇಸ್ತ್ರಿಯ ಮೂಲಕ ಲೈನಿಗೆಲ್ಲ ಹಬ್ಬಬೇಕಾದ ಅಗತ್ಯವಿಲ್ಲ. ಮುಂದೆ ಎಂದಾದರೂ ಕಳವಾದರೆ ಮೊದಲು ತೂಕದ ಪುಸ್ತಕ ನೋಡಿ, ಆಮೇಲೆ ಮನುಷ್ಯರನ್ನು ನೋಡಿ.

ಪ್ರಶ್ನೆ: ನಾನು ಹಾಡಿಯ (ಬುಡಕಟ್ಟಿನವರ ವಸತಿಯ) ಹುಡುಗ. ಕಾಫಿ ಕಳವಿನ ಆರೋಪದಲ್ಲಿ ಏಳೆಂಟು ತಿಂಗಳು ಮಡಿಕೇರಿ ಜೈಲಿನಲ್ಲಿದ್ದೆ. ಜಾಮೀನು ಸಿಕ್ಕರೂ ಶ್ಯೂರಿಟಿ ಕೊಡುವವರಿರಲಿಲ್ಲ. ಆಮೇಲೆ ನ್ಯಾಯಾಲಯ ನನ್ನನ್ನು ಬಿಡುಗಡೆ ಮಾಡಿತು. ಆದರೂ ಸುತ್ತಮುತ್ತ ಎಲ್ಲಿ ಏನು ಕಳೆದುಹೋದರೂ ನನ್ನನ್ನೇ ಠಾಣೆಗೆ ಕರೆಯುತ್ತಾರೆ. ಎರಡು ದಿನ ಹೋದರೆ ಎರಡು ದಿನದ ಕೂಲಿ ಹೋಗುತ್ತದೆ. ಏನು ಮಾಡಲಿ?
– ಹೆಸರು ಬೇಡ, ಪೊನ್ನಂಪೇಟೆ ತಾಲ್ಲೂಕು

ಉತ್ತರ: ತಮ್ಮಾ, ಮೊದಲು ಒಂದನ್ನು ಸ್ಪಷ್ಟಪಡಿಸುತ್ತೇನೆ. ನೀನು ಶಿಕ್ಷೆ ಅನುಭವಿಸಿ ಬಂದವನಲ್ಲ. ವಿಚಾರಣಾಧೀನ ಕೈದಿಯಾಗಿದ್ದು ಖುಲಾಸೆಯಾದವನು. 2022ರ ಕೊನೆಯಲ್ಲಿ ದೇಶದ ಸೆರೆಮನೆಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ, ಎಂದರೆ ನಾಲ್ವರಲ್ಲಿ ಮೂವರು, ನಿನ್ನ ಹಾಗೆ ವಿಚಾರಣೆಗೆ ಕಾದಿದ್ದವರೇ. ಊರು ಮಾತ್ರ ಜೈಲಿನ ಬಾಗಿಲನ್ನು ನೋಡುತ್ತದೆಯೇ ಹೊರತು ತೀರ್ಪನ್ನು ಓದುವುದಿಲ್ಲ. ಆದ್ದರಿಂದ ನಿನ್ನ ಖುಲಾಸೆಯ ತೀರ್ಪಿನ ದೃಢೀಕೃತ ಪ್ರತಿಯನ್ನು ತೆಗೆದಿಟ್ಟುಕೋ. ಕೆಲಸ ಕೇಳುವಾಗಲೂ ಠಾಣೆಗೆ ಹೋಗುವಾಗಲೂ ಅದರ ಜೆರಾಕ್ಸ್ ನಿನ್ನ ಜೇಬಿನಲ್ಲಿರಲಿ.

ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ಬಂಧಿಸುವ ಅಗತ್ಯವಿಲ್ಲದ ಪ್ರಕರಣದಲ್ಲಿ ಆರೋಪಿಯನ್ನು ಕರೆಯಲು 35(3)ನೇ ಕಲಮಿನಡಿ ನೋಟಿಸ್ ಕೊಡಬೇಕು. ಸಾಕ್ಷಿಯಾಗಿ ಕರೆಯುವುದಾದರೆ 179ನೇ ಕಲಮಿನಡಿ ಲಿಖಿತ ಆದೇಶ ಬೇಕು. "ಸಾಹೇಬರು ಬರಹೇಳಿದ್ದಾರೆ" ಎಂಬ ಬಾಯಿಮಾತು ಎರಡೂ ಅಲ್ಲ. ಜಗಳಕ್ಕೆ ನಿಲ್ಲದೆ, ನೋಟಿಸ್ ಕೊಟ್ಟರೆ ಖಂಡಿತ ಬರುತ್ತೇನೆಂದು ವಿನಯದಿಂದ ಹೇಳಬಹುದು. ಅಷ್ಟು ಧೈರ್ಯ ಒಬ್ಬನಿಗೇ ಬರುವುದಿಲ್ಲವೆಂದು ನನಗೆ ಗೊತ್ತು. ಅದಕ್ಕಾಗಿಯೇ ಮಡಿಕೇರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ. ಪರಿಶಿಷ್ಟ ಪಂಗಡದವನಾದ ನಿನಗೆ ವರಮಾನದ ಪ್ರಶ್ನೆಯಿಲ್ಲದೆ ಅಲ್ಲಿ ವಕೀಲರ ನೆರವು ಉಚಿತ. ದೂರವಾಣಿ ಸಂಖ್ಯೆ 15100.

ಉಳಿದ ಓದುಗರಿಗೂ ಇಲ್ಲಿ ಒಂದು ಮಾತು ಹೇಳಬೇಕಾಗಿದೆ. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಇಡೀ ಸಮುದಾಯಗಳನ್ನೇ ಹುಟ್ಟಿನಿಂದ ಕಳ್ಳರೆಂದು ಪಟ್ಟಿ ಮಾಡಿತ್ತು. ಅದು 1952ರಲ್ಲಿ ರದ್ದಾದರೂ ಅದರ ಜಾಗಕ್ಕೆ ರಾಜ್ಯಗಳಲ್ಲಿ ರೂಢಿಗತ ಅಪರಾಧಿಗಳ ಕಾಯ್ದೆಗಳು ಬಂದವು. ಸೆರೆಮನೆಗಳ ಕೈಪಿಡಿಗಳಲ್ಲಿ ಉಳಿದಿದ್ದ ಜಾತಿ ಆಧಾರಿತ ನಿಯಮಗಳನ್ನೂ ಇಂಥ ಸಮುದಾಯಗಳನ್ನು ರೂಢಿಗತ ಅಪರಾಧಿಗಳೆಂದು ಕಾಣುವ ಕ್ರಮವನ್ನೂ ಸರ್ವೋಚ್ಚ ನ್ಯಾಯಾಲಯ ತಳ್ಳಿಹಾಕಿದ್ದು 2024ರ ಅಕ್ಟೋಬರಿನಲ್ಲಿ. ಕುಯ್ಲಿನ ವಾರದಲ್ಲಿ ಎರಡು ದಿನ ಕಾಣೆಯಾಗುವ ಆಳನ್ನು ಯಾವ ಮೇಸ್ತ್ರಿಯೂ ಮೂರನೆಯ ದಿನ ಕರೆಯುವುದಿಲ್ಲ. ಹೀಗೆ ಕೆಲಸ ತಪ್ಪಿಸಿ, ಕಡೆಗೆ ಅವನು ಏನನ್ನಾದರೂ ಕದ್ದಾಗ "ಮೊದಲೇ ಹೇಳಿದ್ದೆವಲ್ಲ" ಎನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಶ್ಯೂರಿಟಿಯ ವಿಷಯ: ಹಾಡಿಯವರ ಹೆಸರಿನಲ್ಲಿ ಪಹಣಿ ಇರುವುದಿಲ್ಲ, ಜಮ್ಮಾ (ಕೊಡಗಿನ ವಂಶಪಾರಂಪರ್ಯದ) ಹಿಡುವಳಿ ಇರುವವರಲ್ಲೂ ದಾಖಲೆ ಪಟ್ಟೇದಾರರ (ಮನೆತನದ ಯಜಮಾನರ) ಹೆಸರಿನಲ್ಲಿದ್ದು, ಶ್ಯೂರಿಟಿಗೆ ನಿಲ್ಲಲು ಬಂದವನ ಕೈಗೆ ಕಾಗದ ಸಿಗುವುದು ಕಷ್ಟ. ಜಾಮೀನಿನ ಹಣ ಹೊಂದಿಸಲಾಗದ ಬಡ ವಿಚಾರಣಾಧೀನರಿಗೂ ದಂಡ ಕಟ್ಟಲಾಗದೆ ಉಳಿದ ಶಿಕ್ಷಿತರಿಗೂ ನೆರವು ಕೊಡುವ ಕೇಂದ್ರ ಗೃಹ ಸಚಿವಾಲಯದ ಯೋಜನೆ 2023ರಿಂದ ಇದೆ. ನಿನಗೆ ಈಗ ಅದರ ಅಗತ್ಯವಿಲ್ಲ. ಹಾಡಿಯಲ್ಲಿ ಇನ್ನಾರಿಗಾದರೂ ಬೇಕಾದೀತು, ತಿಳಿಸು.

ಪ್ರಶ್ನೆ: ನಮ್ಮ ಒಕ್ಕದ (ಕೊಡವ ಮನೆತನದ) ಹುಡುಗನೊಬ್ಬ ಜಾಗದ ತಕರಾರಿನಲ್ಲಿ ಪಕ್ಕದ ಮನೆಯವರೊಬ್ಬರಿಗೆ ಕತ್ತಿಯಿಂದ ಕಡಿದು ಜೈಲಿಗೆ ಹೋಗಿದ್ದ. ಕಳೆದ ವರ್ಷ ಬಿಡುಗಡೆಯಾಗಿದ್ದಾನೆ. ಈ ಸಲದ ಪುತ್ತರಿಗೆ (ಸುಗ್ಗಿ ಹಬ್ಬಕ್ಕೆ) ಐನ್‌ಮನೆಗೆ (ಒಕ್ಕದ ಮೂಲಮನೆಗೆ) ಅವನನ್ನು ಕರೆಯಬೇಕೆಂದು ಕೆಲವರು, ಕೂಡದೆಂದು ಕೆಲವರು. ಕೋವಿ ಹಿಡಿಯುವ ವಿಷಯದಲ್ಲೂ ಮಾತು ಬಂದಿದೆ.
– ಒಕ್ಕದ ಹಿರಿಯರು, ವಿರಾಜಪೇಟೆ ತಾಲ್ಲೂಕು

ಉತ್ತರ: ಕೋವಿಯ ಮಾತನ್ನು ಮೊದಲು ಮುಗಿಸೋಣ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ, ಈಗ 2029ರವರೆಗೆ ವಿಸ್ತರಿಸಿರುವುದು, ಪರವಾನಗಿಗೆ ಸಂಬಂಧಿಸಿದ್ದು. ಹಿಂಸೆಯ ಅಪರಾಧಕ್ಕಾಗಿ ಜೈಲುಶಿಕ್ಷೆಯಾದವರು ಶಿಕ್ಷೆ ಮುಗಿದ ಐದು ವರ್ಷದವರೆಗೆ ಬಂದೂಕನ್ನು ಹೊಂದುವಂತಿಲ್ಲ, ಒಯ್ಯುವಂತಿಲ್ಲ ಎಂದು 1959ರ ಶಸ್ತ್ರಾಸ್ತ್ರ ಕಾಯ್ದೆಯ 9ನೇ ಕಲಮು ಹೇಳುತ್ತದೆ. ಅದು ಬೇರೆಯೇ ನಿರ್ಬಂಧ. ಆದ್ದರಿಂದ ಕೈಲ್‌ಪೊಳ್ದಿನಲ್ಲಿ (ಆಯುಧ ಪೂಜೆಯ ಹಬ್ಬದಲ್ಲಿ) ಅವನು ಪೂಜೆಗೆ ನಿಲ್ಲಲಿ, ಪುತ್ತರಿಯ ರಾತ್ರಿ ಗದ್ದೆಗೆ ಬಂದು "ಪೊಲಿ ಪೊಲಿ ದೇವಾ" ಎಂದು ಎಲ್ಲರೊಡನೆ ಕೂಗಲಿ, ಕದಿರನ್ನು ಹೊತ್ತು ತರಲಿ. ಗುಂಡು ಹಾರಿಸುವ ಕೋವಿ ಮಾತ್ರ ಬೇರೆಯವರ ಕೈಯಲ್ಲಿರಲಿ, ಅವನು ಮಲಗುವ ಮನೆಯ ಗೋಡೆಯ ಮೇಲೂ ಇರದಿರಲಿ.

ಕರೆಯಬೇಕೋ ಬೇಡವೋ ಎಂಬುದಕ್ಕೆ ನನ್ನ ಅಭಿಪ್ರಾಯ, ಕರೆಯಬೇಕು. ಒಕ್ಕದ ಹೆಸರನ್ನು ಉಳಿಸಿಕೊಳ್ಳಬೇಕೆಂಬ ಅಳುಕು ಕೊಡಗಿನಲ್ಲಿ ಒಬ್ಬ ಮನುಷ್ಯನನ್ನು ಪೊಲೀಸರಿಗಿಂತ ಹೆಚ್ಚು ಹಿಡಿದಿಡುತ್ತದೆ. ಐನ್‌ಮನೆಯ ನೆಲ್ಲಕ್ಕಿ ನಡುಬಾಡೆಯಿಂದ (ದೀಪವಿಡುವ ನಡುಮನೆಯಿಂದ) ಹೊರಗೆ ಹಾಕಿದವನ ಮೇಲೆ ಆ ಹಿಡಿತ ಉಳಿಯುವುದಿಲ್ಲ. ಆದರೆ ಕಡಿಸಿಕೊಂಡವರ ಮನೆ ಪಕ್ಕದಲ್ಲಿಯೇ ಇದೆ. ಅವರು ಕ್ಷಮಿಸಬೇಕೆಂದು ಕೇಳುವ ಹಕ್ಕು ನಿಮಗಿಲ್ಲ, ಕೇಳಲೂ ಬೇಡಿ. ಒಕ್ಕದ ಹಿರಿಯರಲ್ಲಿ ಒಬ್ಬಿಬ್ಬರು ಮುಂಚಿತವಾಗಿ ಅವರ ಮನೆಗೆ ಹೋಗಿ, ಇಂಥ ದಿನ ಅವನು ಬರುತ್ತಾನೆ, ಇಂಥ ದಾರಿಯಲ್ಲಿ ಬಂದು ಹೋಗುತ್ತಾನೆ, ಅವನಿಂದ ಏನಾದರೂ ತೊಂದರೆಯಾದರೆ ನಮಗೆ ತಿಳಿಸಿ ಎಂದು ಹೇಳಿ ಬರಬೇಕು. ಹಾರ ಹಾಕುವುದು, ಜೀಪು ಸಾಲಾಗಿ ಬರುವುದು, ಪಟಾಕಿ, ಇವಾವುದೂ ಕೂಡದು. ಅದು ಅವರ ಗಾಯದ ಮೇಲೆ ಮಾಡುವ ಮೆರವಣಿಗೆಯಾಗುತ್ತದೆ. ಜಾಗದ ತಕರಾರು ಇನ್ನೂ ಇತ್ಯರ್ಥವಾಗಿಲ್ಲದಿದ್ದರೆ ಸರ್ವೆ ಮಾಡಿಸಿ ಕಲ್ಲು ಹಾಕಿಸಿಕೊಳ್ಳಿ. ಗಡಿ ಗೊಂದಲ ಹಾಗೆಯೇ ಉಳಿದಿರುವಾಗ ಹುಡುಗನ ಸ್ವಭಾವದ ಬಗ್ಗೆ ಚರ್ಚಿಸುತ್ತ ಕೂರುವುದರಲ್ಲಿ ಪ್ರಯೋಜನ ಕಡಿಮೆ. ಗಾಯಗೊಂಡವರಿಗೆ ಪರಿಹಾರ ಸಿಕ್ಕಿಲ್ಲವಾದರೆ, ಸಂತ್ರಸ್ತರ ಪರಿಹಾರ ಯೋಜನೆಯಡಿ ಕಾನೂನು ಸೇವಾ ಪ್ರಾಧಿಕಾರವನ್ನು ವಿಚಾರಿಸಬಹುದೆಂಬುದನ್ನೂ ಅವರಿಗೆ ತಿಳಿಸಿ.

ಪ್ರಶ್ನೆ: ಅಪ್ಪ ಜೈಲಿನಲ್ಲಿದ್ದಾರೆ. "ನನ್ನನ್ನು ನೋಡಲು ಬರಬೇಡ, ಓದಿಕೋ" ಎನ್ನುತ್ತಾರೆ. ಹೋಗಬೇಕೇ?
– ಪದವಿ ವಿದ್ಯಾರ್ಥಿನಿ, ಮಡಿಕೇರಿ

ಉತ್ತರ: ನಿಮಗೆ ಹೋಗಬೇಕೆನಿಸಿದರೆ ಹೋಗಿ. ಅಮೆರಿಕದ ಮಿನ್ನೆಸೋಟ ರಾಜ್ಯದ ಕಾರಾಗೃಹ ಇಲಾಖೆ 2011ರಲ್ಲಿ ಹದಿನಾರು ಸಾವಿರಕ್ಕೂ ಹೆಚ್ಚು ಮಂದಿಯ ದಾಖಲೆಗಳನ್ನು ಪರಿಶೀಲಿಸಿದಾಗ, ಭೇಟಿಗೆ ಜನ ಬರುತ್ತಿದ್ದ ಕೈದಿಗಳು ಮತ್ತೆ ಗಂಭೀರ ಅಪರಾಧಕ್ಕೆ ಶಿಕ್ಷೆಗೊಳಗಾಗುವ ಸಂಭವ ನೂರಕ್ಕೆ 13ರಷ್ಟು ಕಡಿಮೆಯಿತ್ತು. ಪ್ರತಿಸಲ ಹೋಗಲು ಬಸ್ಸಿನ ಖರ್ಚೂ ತರಗತಿಯೂ ಅಡ್ಡಬಂದರೆ, ಇ-ಮುಲಾಕಾತ್ ಮೂಲಕ ಮುಂಚಿತವಾಗಿ ಸಮಯ ಗೊತ್ತುಪಡಿಸಿಕೊಂಡು ವಿಡಿಯೊದಲ್ಲಿ ಮಾತನಾಡುವ ವ್ಯವಸ್ಥೆಯಿದೆ. ಅಪ್ಪನಿಗೆ ನಾಚಿಕೆಯಿರಬಹುದು. ಪ್ರಕರಣದ ಮಾತೆತ್ತದೆ ಪರೀಕ್ಷೆ, ತೋಟ, ಮನೆಯ ನಾಯಿ, ಮಳೆಯ ಇಂಚು, ಇಂಥದ್ದನ್ನು ಮಾತನಾಡಿ ಬನ್ನಿ. ನಿಮ್ಮ ಮೇಲೆಯೇ ಅವರು ಅಪರಾಧ ಎಸಗಿದ್ದರೆ ಈ ಸಲಹೆ ಅನ್ವಯಿಸುವುದಿಲ್ಲ. ಆಗ ಹೋಗಲೇಬೇಕೆಂಬ ಋಣ ನಿಮಗಿಲ್ಲ.

ಪ್ರಶ್ನೆ: ನನ್ನ ಮಗನಿಗೆ ಇಪ್ಪತ್ತು ವರ್ಷ. ಮೊದಲ ಅಪರಾಧವೆಂದು ನ್ಯಾಯಾಲಯ ಅವನನ್ನು ಜೈಲಿಗೆ ಕಳುಹಿಸದೆ ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಟ್ಟಿದೆ. ಸರ್ಕಾರಿ ಕೆಲಸದ ಆಸೆ ಬಿಡಬೇಕೇ?
– ಒಬ್ಬ ತಂದೆ, ಕುಶಾಲನಗರ

ಉತ್ತರ: ಬಿಡಬೇಕಾಗಿಲ್ಲ. 1958ರ ಅಪರಾಧಿಗಳ ಪ್ರೊಬೇಷನ್ ಕಾಯ್ದೆಯ 12ನೇ ಕಲಮಿನ ಪ್ರಕಾರ, ಹೀಗೆ ಬಿಡುಗಡೆಯಾದವನಿಗೆ ಆ ಅಪರಾಧ ನಿರ್ಣಯದಿಂದ ಬರುವ ಅನರ್ಹತೆ ತಟ್ಟುವುದಿಲ್ಲ. ಆದರೆ ತೀರ್ಪು ಅಳಿಸಿಹೋಗುವುದೂ ಇಲ್ಲ. ಅರ್ಜಿಯಲ್ಲಿ ಕೇಳಿದ್ದರೆ ಪ್ರಕರಣದ ಸಂಖ್ಯೆಯ ಸಹಿತ ಇದ್ದದ್ದನ್ನು ಇದ್ದಂತೆ ಬರೆಯಲಿ. 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಇಂಥ ಮಾಹಿತಿ ನಿಜವಾಗಿರಲೇಬೇಕೆಂದು ಹೇಳಿ, ಅಪರಾಧದ ಸ್ವರೂಪವನ್ನು ತೂಗಿ ನೋಡುವ ವಿವೇಚನೆಯನ್ನು ನೇಮಕಾತಿ ಪ್ರಾಧಿಕಾರಕ್ಕೆ ಬಿಟ್ಟಿದೆ. ಸಣ್ಣ ಪ್ರಕರಣವನ್ನು ಮುಚ್ಚಿಟ್ಟು, ಆ ಮುಚ್ಚಿಟ್ಟ ತಪ್ಪಿಗಾಗಿಯೇ ಕೆಲಸ ಕಳೆದುಕೊಂಡವರಿದ್ದಾರೆ.

ಪ್ರಶ್ನೆ: ಶಿಕ್ಷೆ ಮುಗಿಸಿ ಬಂದವರಿಗೆ ಮತದಾನದ ಹಕ್ಕು ಇದೆಯೇ?
– ನಾಪೋಕ್ಲುವಿನಿಂದ ಒಬ್ಬ ಓದುಗರು

ಉತ್ತರ: ಇದೆ. 1951ರ ಜನಪ್ರತಿನಿಧಿ ಕಾಯ್ದೆಯ 62(5)ನೇ ಕಲಮು ಮತದಾನವನ್ನು ತಡೆಯುವುದು ಸೆರೆಯಲ್ಲಿರುವಷ್ಟು ಕಾಲ ಮಾತ್ರ. ಎರಡು ವರ್ಷ ಅಥವಾ ಅದಕ್ಕೂ ಹೆಚ್ಚಿನ ಶಿಕ್ಷೆಯಾದವರು ಬಿಡುಗಡೆಯ ನಂತರ ಆರು ವರ್ಷ ವಿಧಾನಸಭೆಗೋ ಲೋಕಸಭೆಗೋ ಸ್ಪರ್ಧಿಸುವಂತಿಲ್ಲವೆಂಬುದು ಬೇರೆ ಮಾತು. ಊರಿನಲ್ಲಿಲ್ಲವೆಂದು ಪಟ್ಟಿಯಿಂದ ಹೆಸರು ತೆಗೆದಿದ್ದರೆ, ನಮೂನೆ 6ನ್ನು ತುಂಬಿ ಮತಗಟ್ಟೆ ಮಟ್ಟದ ಅಧಿಕಾರಿಗೆ ಕೊಟ್ಟು ಮತ್ತೆ ಸೇರಿಸಿಕೊಳ್ಳಬಹುದು.